ಹಿತ್ತಲ ಕಬ್ಬಿನಲ್ಲೂ ಲೆಕ್ಕಶಾಸ್ತ್ರವಿದೆ

ಎಂ.ಕಾಂ. ಮುಗಿಸಿದ್ದೀರಿ, ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗುವ ಆಸೆ. ಆಗಿ, ಸಂತೋಷ. ಆದರೆ ಅತಿಥಿ ಉಪನ್ಯಾಸಕರ ಕೆಲಸ ಸಿಕ್ಕಿತೆಂದು ನೆಟ್, ಕೆ-ಸೆಟ್ ಪರೀಕ್ಷೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಬೇಡಿ. ಸಹಾಯಕ ಪ್ರಾಧ್ಯಾಪಕರಾಗಲು ಅದೇ ಮುಖ್ಯ ಬಾಗಿಲು. ಮುಂದೆ ಪ್ರಾಧ್ಯಾಪಕ ಹುದ್ದೆಗೇರಲು ಪಿಎಚ್‌.ಡಿ. ಬೇಕೇ ಬೇಕು. ನೆಟ್‌ನಲ್ಲಿ 150 ಪ್ರಶ್ನೆ, ಮೂರು ತಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಷ್ಟಿದ್ದೂ ಪ್ರಶ್ನೆ ಖಾಲಿ ಬಿಟ್ಟು ಬರುತ್ತೀರಲ್ಲ! ವಾಣಿಜ್ಯವನ್ನಷ್ಟೇ ಉರು ಹೊಡೆದು ಮೊದಲ ಪತ್ರಿಕೆಯನ್ನು ಮರೆಯುವವರೂ ಇದ್ದಾರೆ. ಅದಕ್ಕೂ ನೂರು ಅಂಕವಿದೆ.

ಇನ್ನು ಸಂಶೋಧನೆಯ ವಿಷಯ. ಹಳೆಯ ಪ್ರಬಂಧದ ಶೀರ್ಷಿಕೆಯಲ್ಲಿ ಬ್ಯಾಂಕಿನ ಹೆಸರು ಮಾತ್ರ ಬದಲಿಸಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಓಡುವ ಚಾಳಿ ಬಿಡಿ. ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡಿರಾ? ಮಹಾರಾಷ್ಟ್ರದ ಗಡಿಯಲ್ಲಿರುವ ನಿಮ್ಮ ಕಾಗವಾಡದ ಪಕ್ಕದಲ್ಲೇ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ ಇದೆ. 1939ರಲ್ಲಿ ಸ್ಥಾಪನೆಯಾದ, ಷೇರುಪೇಟೆಯಲ್ಲಿರುವ ಕಂಪನಿ, ವಾರ್ಷಿಕ ವರದಿ ಯಾರಾದರೂ ಓದಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇ. 15 ಬಡ್ಡಿ. ನಾಡಿನ ಸಕ್ಕರೆ ಕಂಪನಿಗಳು ಆ ಬಾಕಿಯನ್ನೂ ಬಡ್ಡಿಯನ್ನೂ ಲೆಕ್ಕಪತ್ರದಲ್ಲಿ ಎಲ್ಲಿ, ಹೇಗೆ ತೋರಿಸುತ್ತವೆ? ಕೂಳೆ ಬಿಟ್ಟ ಕಬ್ಬಿನ ಬೇರು ಮತ್ತೆ ಫಸಲು ಕೊಡುತ್ತದೆ. ಅದನ್ನು ಬೆಳೆಯೆನ್ನಬೇಕೋ, ಯಂತ್ರದಂತೆ ಸ್ಥಿರಾಸ್ತಿಯೆನ್ನಬೇಕೋ? ಇಂಡ್ ಎಎಸ್ 41 ತೆರೆದು ನೋಡಿ. ಇಂಥ ಒಂದು ಪ್ರಶ್ನೆ ಹಿಡಿದರೆ ಸಾಕು, ಪಿಎಚ್‌.ಡಿ.ಯ ವರ್ಷಗಳು ತುಂಬುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಇಡೀ ಭಾರತದ ಸಕ್ಕರೆ ಉದ್ಯಮ ಬೇಡ.

ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ಪತ್ರಿಕೆಗಳ ಹತ್ತಿರ ಸುಳಿಯಬೇಡಿ. ನಕಲಿಗೆ ಶೇ. 10ರ ಮಿತಿಯಿದೆಯೆಂದ ಮಾತ್ರಕ್ಕೆ ಅಷ್ಟನ್ನು ಕದಿಯಲು ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೇರೆಯವರ ಪ್ರಬಂಧಗಳನ್ನು ಶೋಧಗಂಗಾ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಓದಿ, ಆದರೆ ವಾಕ್ಯ ನಿಮ್ಮದೇ ಇರಲಿ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಗ್ರಂಥಾಲಯವೇನೂ ದೂರವಲ್ಲ, ಅನುಮತಿ ಕೇಳಿ ಒಮ್ಮೆ ಹೋಗಿ ಬನ್ನಿ.

ಸಂಶೋಧನೆಯ ಮಾಹಿತಿಗಾಗಿ ರೈತರ ಮನೆಗೆ ಹೋದಾಗ ಪ್ರಶ್ನಾವಳಿ ಚಾಚಿ ಟಿಕ್ ಹಾಕಿಸಿಕೊಂಡು ಎದ್ದು ಬರಬೇಡಿ. ಕಬ್ಬಿನ ಬಿಲ್ಲು, ತೂಕದ ಚೀಟಿ ತೋರಿಸಲು ಕೇಳಿ. ಹೆಸರು ಬರೆಯುವುದಿಲ್ಲವೆಂದು ಮೊದಲೇ ಮಾತು ಕೊಡಿ. ನೀವು ಗಡಿಯ ಊರಿನವರು, ಮರಾಠಿ ಬರುತ್ತದಲ್ಲ, ಅದನ್ನು ಅಲ್ಲಿ ಬಳಸಿ. ಕಟಾವಿನ ಹಂಗಾಮಿನಲ್ಲಂತೂ ಹೋಗಲೇಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ, ಮಧ್ಯಾಹ್ನದ ಊಟ ಮುಗಿದ ಮೇಲೆ ಹೋಗಿ.