ಮಂಗನ ಕಾಯಿಲೆ ಮತ್ತು ಚಿನ್ನದ ಕಣ

ನ್ಯಾನೋ ಅಂದ ಕೂಡ್ಲೇ ನಿಮಗೆ ಟಾಟಾ ಕಾರು ನೆನಪಾಗಬಹುದು. ಚಂದ್ರಗುತ್ತಿ ಕಡೆಯವನಾದ ನನಗೆ ನೆನಪಾಗೋದು ನಮ್ಮ ಕಾಡು. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನರಿಗೂ ಜ್ವರ ಬಂತು. ಆಗ ಪತ್ತೆಯಾದ ವೈರಸ್ಸಿಗೆ ಕಾಡಿನ ಹೆಸರೇ ಆಯ್ತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದ್ರೆ ಕೆಎಫ್‌ಡಿ. ಊರಲ್ಲಿ ಇದನ್ನ ಮಂಗನ ಕಾಯಿಲೆ ಅಂತಾರೆ. ಹೆಸರು ಮಂಗಂದು, ಆದ್ರೆ ಮನುಷ್ಯರಿಗೆ ಹರಡೋದು ಉಣುಗು.

ತರಗೆಲೆ, ಸೌದೆ ತರೋಕೆ ಕಾಡಿಗೆ ಹೋದವರಿಗೆ ಉಣುಗು ಕಚ್ಚುತ್ತೆ. ಕೆಲವು ದಿನಕ್ಕೆ ಜೋರು ಜ್ವರ, ತಲೆನೋವು, ಮೈಕೈ ನೋವು. ಮೊದಮೊದಲು ನೋಡಿದ್ರೆ ಡೆಂಗಿ ಥರಾನೇ ಇರುತ್ತೆ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯಬಹುದು. ಈ ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ. ರಕ್ತಸ್ರಾವ, ಬಿಪಿ, ಪ್ಲೇಟ್‌ಲೆಟ್ ಮೇಲೆ ಕಣ್ಣಿಟ್ಟು ನೋಡ್ಕೋಬೇಕು, ಅದಕ್ಕೆ ರೋಗ ಬೇಗ ಗೊತ್ತಾಗಬೇಕು. ಚಂದ್ರಗುತ್ತಿಯಿಂದ ಶಿವಮೊಗ್ಗದ ಲ್ಯಾಬಿಗೆ ಸುಮಾರು ನೂರು ಕಿಲೋಮೀಟರ್. ರಕ್ತದ ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲಿ ಅಷ್ಟು ದೂರ ಹೋಗಿ ಬರೋದ್ರೊಳಗೆ ರೋಗಿಯ ಸ್ಥಿತಿ ಬದಲಾಗಿರುತ್ತೆ.

ಈ ದೂರಾನ ಕಮ್ಮಿ ಮಾಡೋ ಒಂದು ದಾರಿ ಟ್ರೂನ್ಯಾಟ್. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಬ್ಯಾಟರಿಯಲ್ಲೂ ಓಡೋ ಪುಟ್ಟ ಪಿಸಿಆರ್ ಯಂತ್ರ ಅದು. ಕೆಎಫ್‌ಡಿಗೂ ಅದರ ಚಿಪ್ ತಯಾರಾಗಿದೆ. ಕಟ್ಟುನಿಟ್ಟಾಗಿ ಹೇಳಿದ್ರೆ ಇದು ಮೈಕ್ರೋ, ನ್ಯಾನೋ ಅಲ್ಲ. ಆದ್ರೆ ತತ್ವ ಒಂದೇ: ದ್ರವ ಕೆಲವೇ ಮೈಕ್ರೋಲೀಟರ್ ಇದ್ರೆ ಬಿಸಿಯಾಗೋದೂ ತಣಿಯೋದೂ ಬೇಗ. ಹಾಗಾಗಿ ಫಲಿತಾಂಶಕ್ಕೆ ಒಂದೆರಡು ಗಂಟೆ ಸಾಕು. ಹೀಟ್ ಟ್ರಾನ್ಸ್‌ಫರ್ ಪಾಠ ಬೋರು ಅಂದವರು ಇದನ್ನೊಮ್ಮೆ ಯೋಚಿಸಿ.

ಇನ್ನು ಅಸಲಿ ನ್ಯಾನೋ. ಕೋವಿಡ್ ಕಿಟ್‌ನಲ್ಲೋ ಗರ್ಭಪರೀಕ್ಷೆಯ ಪಟ್ಟಿಯಲ್ಲೋ ಮೂಡೋ ಕೆಂಪು ಗೆರೆ ನೋಡಿದ್ದೀರಲ್ಲ, ಸಾಮಾನ್ಯವಾಗಿ ಅದು ಚಿನ್ನ! ಸುಮಾರು 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣ ಹಳದಿಯಾಗಿ ಕಾಣಲ್ಲ. ಅದರ ಎಲೆಕ್ಟ್ರಾನ್‌ಗಳು ಹಸಿರು ಬೆಳಕಿಗೆ ಒಟ್ಟಾಗಿ ಓಲಾಡಿ ಅದನ್ನ ಹೀರಿಬಿಡ್ತವೆ, ನಮಗೆ ಕೆಂಪು ಉಳಿಯುತ್ತೆ. ಕೆಎಫ್‌ಡಿ ವೈರಸ್ಸಿನ ಗಾತ್ರವೂ ಹೆಚ್ಚುಕಮ್ಮಿ ಇಷ್ಟೇ. ಕಣದ ಮೈಗೆ ಪ್ರತಿಕಾಯ ಅಂಟಿಸಿದ್ರೆ ಅದು ವೈರಸ್ಸಿನ ಪ್ರೋಟೀನನ್ನು ಹಿಡ್ಕೊಂಡು ಕಾಗದದ ಮೇಲೆ ಹರಿಯುತ್ತೆ, ಗೆರೆಯ ಹತ್ರ ಸಿಕ್ಕಿಬೀಳುತ್ತೆ. ಕರೆಂಟು ಬೇಡ, ಯಂತ್ರ ಬೇಡ.

ಹಾಗಾದ್ರೆ ಪ್ರತಿ ಆಸ್ಪತ್ರೆಗೂ ಪಟ್ಟಿ ಹಂಚಿದ್ರೆ ಮುಗೀತಾ? ಇಲ್ಲ, ಎರಡು ತೊಡಕಿವೆ. ಪಿಸಿಆರ್ 30 ಸುತ್ತಿನಲ್ಲಿ ಒಂದು ಪ್ರತಿಯನ್ನ ನೂರು ಕೋಟಿ ಮಾಡಬಲ್ಲದು, ಪಟ್ಟಿಗೆ ಆ ಗುಣಾಕಾರ ಬರಲ್ಲ. ವೈರಸ್ ಕಮ್ಮಿ ಇದ್ರೆ ಗೆರೆ ಮೂಡಲ್ಲ, ರೋಗಿ "ಏನೂ ಇಲ್ಲ" ಅಂತ ಮನೆಗೆ ಹೋಗ್ತಾನೆ. ಎರಡನೇದು, ಡೆಂಗಿ ಮತ್ತು ಕೆಎಫ್‌ಡಿ ಒಂದೇ ಕುಟುಂಬದ ವೈರಸ್ಸುಗಳು, ಒಂದಕ್ಕೆ ಮಾಡಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಬಹುದು. ನನ್ನ ಪ್ರಕಾರ ಎರಡನೇದೇ ಕಷ್ಟ. ಕಣವನ್ನ ಬದಲಿಸಿ ಗೆರೆಯನ್ನ ಹೊಳೆಯೋ ಹಾಗೆ ಮಾಡೋದು ನಮ್ಮಂಥ ಎಂಜಿನಿಯರುಗಳ ಕೈಲಾಗುತ್ತೆ. ಕೆಎಫ್‌ಡಿಯನ್ನ ಮಾತ್ರ ಗುರುತಿಸೋ ಪ್ರತಿಕಾಯ ಬೇಕಂದ್ರೆ ಬಯೋಟೆಕ್‌ನವರ ಬಾಗಿಲು ತಟ್ಟಲೇಬೇಕು, ಅವರ ಲ್ಯಾಬು ನಮ್ಮ ಪಕ್ಕದ ಬ್ಲಾಕಲ್ಲೇ ಇದೆ.