ಬಯಸದೆ ಬಂದ ಕಾಷಾಯ

ಶ್ರಾವಣ ಬಹುಳ ಪ್ರತಿಪತ್, ದ್ವಿತೀಯಾ, ತೃತೀಯಾ ಈ ಮೂರು ದಿನಗಳಲ್ಲಿ ನಾವು ಶ್ರೀ ರಾಘವೇಂದ್ರಗುರುಸಾರ್ವಭೌಮರ ಪೂರ್ವ, ಮಧ್ಯ, ಉತ್ತರಾರಾಧನೆಗಳನ್ನು ಆಚರಿಸುತ್ತೇವೆ. ಅಲಂಕಾರ, ಹಸ್ತೋದಕ, ತೀರ್ಥಪ್ರಸಾದಗಳ ನಡುವೆ ಗುರುಗಳ ಮಹಿಮೆಗಳನ್ನು ಕೇಳಿ ಧನ್ಯರಾಗುತ್ತೇವೆ. ಆದರೆ ಆ ಮಹಿಮೆಗಳಿಗೆಲ್ಲ ಮೊದಲು ಅವರು ಒಮ್ಮೆ ‘ಒಲ್ಲೆ’ ಎಂದಿದ್ದರೆಂಬುದನ್ನು ಮಾತ್ರ ಬೇಗನೆ ದಾಟಿಬಿಡುತ್ತೇವೆ.

ಭುವನಗಿರಿಯಲ್ಲಿ ಜನಿಸಿದ ವೇಂಕಟನಾಥರು ಕುಂಭಕೋಣದಲ್ಲಿ ಶ್ರೀ ಸುಧೀಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಮನೆಯಲ್ಲಿ ಕಡುಬಡತನ, ಏಕಾದಶಿಯಲ್ಲದ ದಿನವೂ ಉಪವಾಸವಾಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಆದರೂ ಪತ್ನಿ ಸರಸ್ವತಿ, ಪುತ್ರ ಲಕ್ಷ್ಮೀನಾರಾಯಣ, ಪಾಠಪ್ರವಚನ ಇವುಗಳಿಂದ ಕೂಡಿದ ಆ ಗೃಹಸ್ಥಾಶ್ರಮವನ್ನು ಬಿಡುವ ಯೋಚನೆ ಅವರಿಗಿರಲಿಲ್ಲ. ಪೀಠಕ್ಕೆ ಉತ್ತರಾಧಿಕಾರಿಯನ್ನು ಅರಸುತ್ತಿದ್ದ ಸುಧೀಂದ್ರರು ತಮ್ಮ ಇಂಗಿತವನ್ನು ತಿಳಿಸಿದಾಗ, ಪತ್ನಿ ಚಿಕ್ಕವಳು, ಮಗನಿಗೆ ಉಪನಯನವೇ ಆಗಿಲ್ಲವೆಂದು ವೇಂಕಟನಾಥರು ನಿರಾಕರಿಸಿದರು. ಬಳಿಕ ವಿದ್ಯಾದೇವಿಯು ಸ್ವಪ್ನದಲ್ಲಿ ಬಂದು ಬೋಧಿಸಿದಳೆಂದು ಸಂಪ್ರದಾಯ. ಅವರು ಒಪ್ಪಿದರು, ಆದರೆ ಮೊದಲು ಮಗನ ಉಪನಯನವನ್ನು ನೆರವೇರಿಸಿದರು. 1621ರಲ್ಲಿ ತಂಜಾವೂರಿನಲ್ಲಿ ಆಶ್ರಮಸ್ವೀಕಾರವಾಯಿತೆಂದು ಪರಂಪರೆಯು ಹೇಳುತ್ತದೆ.

ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಸರ್ವಥಾ ಅಸ್ವತಂತ್ರನು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಇದನ್ನು ಬಲ್ಲವನು ಬಂದುದನ್ನೆಲ್ಲ ಕೂಡಲೇ ನಗುನಗುತ್ತ ಸ್ವೀಕರಿಸಬೇಕು, ಇಲ್ಲವಾದರೆ ಅವನ ಭಕ್ತಿಯಲ್ಲಿ ಲೋಪವಿದೆ ಎಂದು ಕೆಲವರು ತಿಳಿಯುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಅರ್ಜುನನೂ ಗಾಂಡೀವವನ್ನು ಕೆಳಗಿಟ್ಟು ಕುಳಿತನಲ್ಲವೇ? ಭಗವಂತನು ಅವನನ್ನು ತೊರೆಯಲಿಲ್ಲ. ತತ್ತ್ವವನ್ನೆಲ್ಲ ಉಪದೇಶಿಸಿ, ಹದಿನೆಂಟನೆಯ ಅಧ್ಯಾಯದಲ್ಲಿ, ಇದನ್ನೆಲ್ಲ ಪೂರ್ಣವಾಗಿ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡು ಎಂದನು. ಸರ್ವಸ್ವತಂತ್ರನೇ ಅಸ್ವತಂತ್ರನಾದ ಜೀವನಿಗೆ ಹೀಗೆ ವಿಚಾರಕ್ಕೆ ಅವಕಾಶ ಕೊಟ್ಟಿರುವಾಗ, ದುಃಖದಲ್ಲಿರುವವರನ್ನು ನಾವು ಅವಸರಪಡಿಸುವುದು ಸಲ್ಲದು. ವೇಂಕಟನಾಥರ ನಿರಾಕರಣೆಯೂ ಅಶ್ರದ್ಧೆಯಾಗಿರಲಿಲ್ಲ. ತಂದೆಯ ಕರ್ತವ್ಯವೊಂದು ಬಾಕಿಯಿತ್ತು, ಅದನ್ನು ಅವರು ಮರೆಯಲಿಲ್ಲ.

ಇಲ್ಲಿ ಇನ್ನೊಬ್ಬರ ಮಾತೂ ಇದೆ. ಆಶ್ರಮಸ್ವೀಕಾರದ ದಿನ ಸರಸ್ವತೀದೇವಿಯರು ದುಃಖವನ್ನು ತಾಳಲಾರದೆ ಬಾವಿಯಲ್ಲಿ ಪ್ರಾಣ ಬಿಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಪ್ರವಚನಗಳಲ್ಲಿ ಇದನ್ನು ಕೇವಲ ಮೋಹದ ಫಲವೆಂದು ಹೇಳಿ ಮುಂದೆ ಸಾಗುವುದುಂಟು. ಆದರೆ ಆ ಸಾಧ್ವಿಯ ಸ್ಥಿತಿಯನ್ನು ಸ್ವಲ್ಪ ನಿಂತು ನೋಡಬೇಡವೇ? ಗುರುಗಳ ಆದೇಶವಾಗಲಿ ದೇವಿಯ ಸ್ವಪ್ನವಾಗಲಿ ಬಂದುದು ಪತಿಗೆ. ಆಕೆಗೆ ಬಂದುದು ಅಗಲಿಕೆ ಮಾತ್ರ. ಅನಂತರ ಆಕೆ ಪ್ರೇತರೂಪದಲ್ಲಿ ದರ್ಶನಕ್ಕೆ ಬಂದಾಗ ಗುರುಗಳು ಕಮಂಡಲೂದಕವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರು. ಪೂರ್ವಾಶ್ರಮದ ಸಂಬಂಧವನ್ನೆಲ್ಲ ಕಡಿದುಕೊಂಡ ಯತಿಗಳು ಆಕೆಯನ್ನು ನಿಂದಿಸಲಿಲ್ಲ, ಮರಳಿ ಕಳುಹಿಸಲೂ ಇಲ್ಲ. ಅವರ ಮಹಿಮೆಗಳಲ್ಲಿ ನಮ್ಮ ಮನಸ್ಸು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ.

ನಮ್ಮ ಮನೆಗಳಲ್ಲಿಯೂ ವರ್ಗಾವಣೆ, ಉದ್ಯೋಗನಷ್ಟ, ಮನೆಯ ಮಾರಾಟ ಮುಂತಾದವು ಬರುತ್ತವೆ. ಒಬ್ಬರು ನಿರ್ಧರಿಸುತ್ತಾರೆ, ಇನ್ನೊಬ್ಬರು ಹೊರುತ್ತಾರೆ. ಎಲ್ಲವೂ ಹರಿಚಿತ್ತವೆಂದು ನಿರ್ಧರಿಸಿದವರು ಹೇಳುವುದು ಸುಲಭ. ಊರಿನ ಹಳೆಯ ಮನೆಯನ್ನು ಮಾರುವ ಪ್ರಸಂಗ ಬಂದಾಗ ನಾವೂ ಹಾಗೆಯೇ ಹೇಳಿ ಕಾಗದಪತ್ರಗಳನ್ನು ಪೂರೈಸಿದೆವು. ನಮ್ಮ ತಾಯಿಯವರು ಎದುರಾಡಲಿಲ್ಲ. ಹೊರಡುವ ದಿನ ತುಳಸೀಕಟ್ಟೆಗೆ ಎಂದಿನಂತೆ ನೀರೆರೆದು, ಮೃತ್ತಿಕೆಯನ್ನು ಹಣೆಗಿಟ್ಟುಕೊಂಡು, ಒಂದು ಸಣ್ಣ ಸಸಿಯನ್ನು ಬೇರುಸಹಿತ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. ಪಟ್ಟಣದ ಮನೆಗೆ ಬಂದೊಡನೆ, ಇದನ್ನು ಎಲ್ಲಿ ನೆಡಲಿ ಎಂದು ಕೇಳಿದರು. ಆ ಮನೆಯನ್ನು ಆರಿಸುವಾಗ ನಾವು ಅದೊಂದನ್ನು ಯೋಚಿಸಿರಲಿಲ್ಲ.