ಕಂಚಿನ ಹುಲಿ ಮತ್ತು ಲೆಕ್ಕದ ಪುಸ್ತಕ

ಲೆಕ್ಕಶಾಸ್ತ್ರದ ತರಗತಿಯಲ್ಲಿ ಪಾಲುದಾರಿಕೆಯ ಪಾಠ ನಡೆಯುತ್ತಿದ್ದ ದಿನಗಳಲ್ಲೇ ನಾನು ಒಬ್ಬ ಶಿಲ್ಪಿಯ ಬಗ್ಗೆ ಓದಿದೆ. ಅವರ ಹೆಸರು ಆಂತ್ವಾನ್ ಲೂಯಿ ಬಾರೀ. ಕಾಡುಪ್ರಾಣಿಗಳ ಕಂಚಿನ ಶಿಲ್ಪಗಳಿಗೆ ಹೆಸರಾದವರು. ಓದುತ್ತಾ ಹೋದಂತೆ ನನಗೆ ನಮ್ಮ ಅಬ್ಬಾ ನೆನಪಾದರು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಕಲಿತದ್ದು ಹೇಗೆ?

ಬಾರೀ 1795ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆ ಅಕ್ಕಸಾಲಿ. ಬಾರೀ ಕೂಡ ಚಿಕ್ಕ ವಯಸ್ಸಿನಲ್ಲೇ ಲೋಹದ ಮೇಲೆ ಕೆತ್ತುವವರ ಬಳಿ ಕೆಲಸಕ್ಕೆ ಸೇರಿದರು. ನಡುವೆ ಸೈನ್ಯದಲ್ಲೂ ಇದ್ದು ಬಂದರು. 1818ರಲ್ಲಿ ಪ್ಯಾರಿಸ್‌ನ ಕಲಾಶಾಲೆ ಸೇರಿದರು. ಆಮೇಲೆ ಹೊಟ್ಟೆಪಾಡಿಗಾಗಿ ಒಬ್ಬ ಅಕ್ಕಸಾಲಿಯ ಅಂಗಡಿಯಲ್ಲಿ ಹಲವು ವರ್ಷ ಪ್ರಾಣಿಗಳ ಪುಟ್ಟ ಮಾದರಿಗಳನ್ನು ಮಾಡಿಕೊಟ್ಟರು.

ಪ್ಯಾರಿಸ್‌ನಲ್ಲಿ ಜಾರ್ದಾನ್ ದೆ ಪ್ಲಾಂತ್ ಎಂಬ ಸಸ್ಯೋದ್ಯಾನವಿದೆ. ಅದರೊಳಗೇ ಪ್ರಾಣಿಸಂಗ್ರಹಾಲಯವೂ ಇದೆ. ಬಾರೀ ಅವರಿಗೆ ಅದೇ ಎರಡನೇ ಶಾಲೆ. ಬೋನಿನ ಮುಂದೆ ನಿಂತು ಹುಲಿ, ಸಿಂಹಗಳ ಚಿತ್ರ ಬರೆಯುತ್ತಿದ್ದರು. ಪ್ರಾಣಿ ಸತ್ತರೆ ಅದರ ಮೂಳೆ, ಸ್ನಾಯುಗಳನ್ನು ಅಳೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಪ್ರಸಿದ್ಧ ಚಿತ್ರಕಾರ ದೆಲಾಕ್ರ್ವಾ ಈ ಅಭ್ಯಾಸದಲ್ಲಿ ಅವರ ಜೊತೆಗಾರ.

1831ರ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಬಾರೀ ಅವರ 'ಘರಿಯಾಲನ್ನು ತಿನ್ನುತ್ತಿರುವ ಹುಲಿ' ಎಲ್ಲರ ಕಣ್ಣಿಗೆ ಬಿತ್ತು. ಘರಿಯಾಲ್ ಎಂದರೆ ನಮ್ಮ ಗಂಗಾ ನದಿಯ ಕಡೆಯ ಉದ್ದ ಮೂತಿಯ ಮೊಸಳೆ. ಭಾರತಕ್ಕೆ ಕಾಲಿಡದೆ, ಸಂಗ್ರಹಾಲಯದಲ್ಲಿ ನೋಡಿ ಕಲಿತದ್ದರಿಂದಲೇ ಅವರು ಅದನ್ನು ಮಾಡಿದರು. 1833ರಲ್ಲಿ ಹಾವನ್ನು ಪಂಜದಡಿ ಅದುಮಿದ ಸಿಂಹ ಬಂತು. ಆ ಕಾಲದ ದೊಡ್ಡವರಿಗೆ ಶಿಲ್ಪ ಎಂದರೆ ಮನುಷ್ಯರ ರೂಪ, ಪ್ರಾಣಿ ಮಾಡುವವನು ಕೆಳಗಿನವನು. ಹಾಗಾಗಿ ಮೆಚ್ಚಿದವರಷ್ಟೇ ಹಂಗಿಸಿದವರೂ ಇದ್ದರು. 1837ರಲ್ಲಿ ಪ್ರದರ್ಶನದವರು ಅವರ ಕೆಲಸವನ್ನು ತಿರಸ್ಕರಿಸಿದಾಗ ಬಾರೀ ಹಲವು ವರ್ಷ ಆ ಕಡೆ ತಲೆ ಹಾಕಲಿಲ್ಲ.

ವ್ಯಾಪಾರದಲ್ಲಿ ಏನಾಯಿತು?

ಬಾರೀ ತಮ್ಮ ಶಿಲ್ಪಗಳನ್ನು ತಾವೇ ಎರಕ ಹೊಯ್ಸಿ ಮಾರತೊಡಗಿದರು. ಮೊದಲು ಒಂದು ಮೂಲ ಮಾದರಿ ಮಾಡಬೇಕು. ಅದರಿಂದ ಅಚ್ಚು ತೆಗೆದು ಕರಗಿದ ಕಂಚು ಸುರಿಯಬೇಕು. ಮೂಲ ಮಾದರಿ ಕೈಯಲ್ಲಿದ್ದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಪ್ರತಿಯೊಂದನ್ನೂ ತಾವೇ ಉಜ್ಜಿ, ಬಣ್ಣ ಕೂರಿಸುತ್ತಿದ್ದರಿಂದ ಖರ್ಚು, ಸಮಯ ಎರಡೂ ಹೆಚ್ಚು. 1845ರಲ್ಲಿ ಎಮಿಲ್ ಮಾರ್ತ್ಯಾನ್ ಎಂಬವರ ಜೊತೆ ಪಾಲುದಾರಿಕೆ ಮಾಡಿಕೊಂಡರು. ಸಾಲ ಮಾತ್ರ ತೀರಲಿಲ್ಲ. 1848ರಲ್ಲಿ ದಿವಾಳಿಯಾಗಿ ಮಾದರಿಗಳು ಅವರ ಕೈ ತಪ್ಪಿದವು. ಅವರ ಹುಲಿ, ಸಿಂಹಗಳು ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇದ್ದವು, ಆದರೆ ಅವರ ಕೈಯಿಂದ ಅಲ್ಲ. ಮಾದರಿಗಳು ಮರಳಿ ಸಿಗಲು 1857ರವರೆಗೆ ಕಾಯಬೇಕಾಯಿತು.

ಬಾರೀ ಅಲ್ಲಿಗೆ ನಿಲ್ಲಲಿಲ್ಲ. 1854ರಲ್ಲಿ ಅದೇ ಉದ್ಯಾನದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಪ್ರಾಣಿಚಿತ್ರ ಕಲಿಸುವ ಗುರುಗಳಾದರು. ಮುಂದೆ ಜಗತ್ಪ್ರಸಿದ್ಧರಾದ ಶಿಲ್ಪಿ ರೋದ್ಯಾನ್ ಅಲ್ಲಿ ಅವರ ಶಿಷ್ಯ. 1875ರಲ್ಲಿ ತೀರಿಕೊಳ್ಳುವವರೆಗೂ ಬಾರೀ ಕಲಿಸುತ್ತಲೇ ಇದ್ದರು.

ನಮ್ಮ ಮನೆಯ ಆನೆ

ನಮ್ಮ ಅಬ್ಬಾ ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುತ್ತಾರೆ. ಬೇರೆ ಬೇರೆ ಬಣ್ಣದ ಮರವನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ, ಬೀಟೆ ಹಲಗೆಯೊಳಗೆ ಕೂರಿಸಿ ಆನೆ, ನವಿಲು ಮಾಡುತ್ತಾರೆ. ಅದಕ್ಕೆ ಬೇಕಾದ ಕಾಗದದ ನಕ್ಷೆಗೆ ಮನೆಯಲ್ಲಿ ಖಾಕಾ ಎನ್ನುತ್ತೇವೆ. ದಾದಾ ಬರೆದ ಆನೆಯ ಖಾಕಾವನ್ನು ಎರಡು ವರ್ಷದ ಹಿಂದೆ ಒಬ್ಬ ವ್ಯಾಪಾರಿ "ನೋಡಿ ಕೊಡ್ತೀನಿ" ಎಂದು ತೆಗೆದುಕೊಂಡು ಹೋದರು. ಈಗ ಆ ಆನೆ ಬೇರೆ ಅಂಗಡಿಗಳಲ್ಲೂ ಇದೆ. ನಮ್ಮ ಹತ್ತಿರ ಚೀಟಿಯಿಲ್ಲ, ತಾರೀಖಿಲ್ಲ, ಸಹಿಯಿಲ್ಲ.

ಬಾರೀ ಅವರ ಕಥೆ ಹೇಳಿದಾಗ ಅಬ್ಬಾ ಸುಮ್ಮನೆ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಅವರು ಬೋನಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತಿದ್ದರು?"

ಮುಂದಿನ ಭಾನುವಾರ ಇಬ್ಬರೂ ಮೈಸೂರು ಮೃಗಾಲಯಕ್ಕೆ ಹೋದೆವು. ಮೂವತ್ತು ವರ್ಷದಿಂದ ಆನೆ ಮಾಡುತ್ತಿರುವ ಅಬ್ಬಾ ಆನೆಯ ಕಾಲನ್ನೇ ನೋಡುತ್ತಾ ನಿಂತರು. ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು. ದಾದಾ ಅವರ ಖಾಕಾದಲ್ಲಿ ಎಲ್ಲ ಕಾಲಿಗೂ ಮೂರೇ ಇದ್ದವು. ನನಗೆ ನಗು ಬಂತು, ಅಬ್ಬಾ ನಗಲಿಲ್ಲ. ನನ್ನ ನೋಟ್‌ಬುಕ್ ಕೇಳಿ ಪಡೆದು ಬರೆಯತೊಡಗಿದರು.

ಈಗ ಮನೆಯಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಖಾಕಾ ಯಾವುದು, ಯಾವ ದಿನ ಬರೆದದ್ದು, ಮರಕ್ಕೆ ಎಷ್ಟು, ಎಷ್ಟು ದಿನದ ಕೂಲಿ, ಯಾರಿಗೆ ಕೊಟ್ಟದ್ದು, ಮುಂಗಡ ಎಷ್ಟು ಎಂದು ಬರೆಯುತ್ತೇನೆ. ತೆಗೆದುಕೊಂಡವರ ಸಹಿಯನ್ನೂ ಹಾಕಿಸುತ್ತೇವೆ. ಒಬ್ಬ ಗಿರಾಕಿ ಸಹಿ ಯಾಕೆ ಎಂದು ಬೇಸರಪಟ್ಟು ಹೋದದ್ದೂ ಉಂಟು. ಆ ದಿನ ಅಬ್ಬಾ ನನ್ನನ್ನು ಬೈಯಲಿಲ್ಲ.

ಸ್ನೇಹಿತರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಕೈಕೆಲಸವಿದೆ. ನಾವು ತರಗತಿಯಲ್ಲಿ ಕಲಿಯುವ ಸ್ವತ್ತು, ಹೊಣೆ, ಬಂಡವಾಳ ಎಂಬ ಮಾತುಗಳನ್ನು ಒಮ್ಮೆ ಮನೆಗೆ ಒಯ್ಯೋಣ. ನಮ್ಮ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಹೀಗಿದೆ: ಆನೆ, ಹೊಸ ಖಾಕಾ, ಉಗುರು ಹದಿನೆಂಟು.